ಸಾಂತೊ ದೊಮಿಂಗೊಗೆ ಓಡಿಹೋದ ಗಂಡ

"ಒನೆ!" ಎಂದು ಬೇಲಿಯ ಆಚೆಯಿಂದ ಕೂಗಿದ ದನಿ ಕೇಳಿದಾಗಲೇ ಅಲ್ತಾಗ್ರಾಸಳ ಮನಸ್ಸಿನಲ್ಲಿ ಹುಳ ಹೊಕ್ಕಿತು.

"ರೆಸ್ಪೆ," ಎಂದು ಒಳಗಿನಿಂದಲೇ ಮರುದನಿ ಕೊಟ್ಟಳು. ಕೊಡದೆ ಇರುವಂತಿಲ್ಲ. ಬಂದವರು ಮಾನ ಎಂದು ಕೂಗಿದರೆ ಮನೆಯವರು ಮರ್ಯಾದೆ ಎನ್ನಬೇಕು, ಅದು ಅಜ್ಜಿಯರ ಕಾಲದ ರೂಢಿ. ಆದರೆ ಫಾದರ್ ಗಾಸ್ನೆರ್ ಹೇಳಿಕಳಿಸಿದ್ದು ವಿದೇಶದವನೊಬ್ಬ ಬರುತ್ತಾನೆ ಎಂದು. ವಿದೇಶದವನಿಗೆ ಬೇಲಿಯ ಹೊರಗೆ ನಿಂತು "ಒನೆ" ಎನ್ನಲು ಯಾರು ಕಲಿಸಿದರು?

ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು ನೋಡಿದಳು. ಎತ್ತರದ ಆಳು. ಇಸ್ತ್ರಿ ಮಾಡಿದ ಅಂಗಿ, ಕಪ್ಪು ಕನ್ನಡಕ. ಮೈಬಣ್ಣ ಅವಳಿಗಿಂತ ಒಂದು ಪಟ್ಟು ಕಪ್ಪು. ರಸ್ತೆಯಲ್ಲಿ ನಿಂತಿದ್ದ ಜೀಪಿನ ಚಾಲಕ, ಠಾಣೆಯ ಸೈನಿಕರ ಕ್ಯಾಪ್ಟನ್ ದಿನಾ ಕುಡಿಯಲು ಹೋಗುವ ಹೋಟೆಲಿನ ಯಜಮಾನನ ಅಳಿಯ.

"ಮದಾಮ್ ಒಸ್ನೆಲ್ ಅಲ್ವಾ? ನನ್ನ ಹೆಸರು ವಾಲ್‌ಬ್ರುನ್. ಹೊರದೇಶದ ವೀಕ್ಷಕರ ತಂಡದಿಂದ ಬಂದಿದೀನಿ. ಫಾದರ್ ಗಾಸ್ನೆರ್ ಕಳಿಸಿದ್ರು."

ಹಾಗೆ ಯಾರು ಬೇಕಾದರೂ ಹೇಳಬಹುದಿತ್ತು. ಚರ್ಚಿನ ಗಂಟೆ ಹೊಡೆಯುವ ಮೆಲ್ಯೂಸ್‌ನನ್ನು ಜೊತೆಗೆ ಕಳಿಸುತ್ತೇನೆ, ಅವನಿದ್ದರೆ ಮಾತ್ರ ಬಾಯಿಬಿಡು ಎಂದಿದ್ದರು ಫಾದರ್. ಮೆಲ್ಯೂಸ್ ಎಲ್ಲಿ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಕೇಳಿದರೆ ಮೆಲ್ಯೂಸನ ಹೆಸರನ್ನು ತಾನೇ ಎತ್ತಿಕೊಟ್ಟ ಹಾಗೆ. ನುಂಗಿಕೊಂಡಳು.

ಗ್ರಾನ್‌ಸಾಬ್ ಎಂಬ ಆ ಕಡಲೂರಿನಲ್ಲಿ ಆಗ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಹೋದ ವರ್ಷ ಸೈನ್ಯವು ಜನ ಆರಿಸಿದ ಅಧ್ಯಕ್ಷರನ್ನು ದೇಶ ಬಿಟ್ಟು ಓಡಿಸಿದ ಮೇಲೆ ಹೈಟಿಯ ಊರೂರಲ್ಲೂ ಅತಾಶೆಗಳು ಹುಟ್ಟಿಕೊಂಡಿದ್ದರು. ಸೈನಿಕರ ಬಾಡಿಗೆ ಆಳುಗಳು. ಸಮವಸ್ತ್ರವಿಲ್ಲ, ಅಂಗಿಯ ಕೆಳಗೆ ಪಿಸ್ತೂಲು. ಕೆಲವರನ್ನು ನೋಡಿದರೇ ಗೊತ್ತಾಗುತ್ತಿತ್ತು, ಕೆಲವರು ಗೊತ್ತೇ ಆಗುತ್ತಿರಲಿಲ್ಲ. ಮೇಲಿನ ಬೀದಿಯ ದರ್ಜಿ ಹೆಂಗಸಿನ ಮನೆಗೆ ಕೊರಳಲ್ಲಿ ಶಿಲುಬೆ ಹಾಕಿಕೊಂಡವನೊಬ್ಬ ಬಂದು, ಚರ್ಚಿನವನು ಎಂದು ಹೇಳಿ, ಅವಳ ಕಷ್ಟ ಕೇಳಿ ಕಣ್ಣೀರು ಹಾಕಿ ಹೋಗಿದ್ದ. ಸಂಜೆಗೆ ನಾಲ್ವರು ಬಂದು ಅವಳ ಎರಡೂ ಕೈ ಮುರಿದು ಹೋದರು.

ಅಲ್ತಾಗ್ರಾಸಳ ಗಂಡ ಒಸ್ನೆಲ್ ದೋಣಿ ಕಟ್ಟುವವನು, ಬೆಸ್ತರ ಸಂಘದ ಕಾರ್ಯದರ್ಶಿ. ಚುನಾವಣೆಯಲ್ಲಿ ಮನೆಮನೆ ತಿರುಗಿ ವೋಟು ಹಾಕಿಸಿದ್ದ. ಸೈನ್ಯ ಬಂದ ಮರುವಾರ, ಸುಡು ಮಧ್ಯಾಹ್ನ, ಅಂಗಳದಲ್ಲಿ ಹುಟ್ಟು ಕೆತ್ತುತ್ತಿದ್ದವನನ್ನು ಎಳೆದುಕೊಂಡು ಹೋದರು. ಚಪ್ಪಲಿ ಮೆಟ್ಟಲೂ ಬಿಡಲಿಲ್ಲ. ಅವಳು ಚಪ್ಪಲಿ ಹಿಡಿದುಕೊಂಡೇ ಠಾಣೆಯ ತನಕ ಓಡಿದಳು. ಬಾಗಿಲಲ್ಲಿದ್ದ ಸಿಪಾಯಿ ಚಪ್ಪಲಿ ಇಸಿದುಕೊಂಡು, "ಅಂಥವನು ಇಲ್ಲಿಗೆ ಬಂದೇ ಇಲ್ಲ," ಎಂದ. ಅಂದಿನಿಂದ ಅದೇ ಉತ್ತರ.

ಫಾದರ್ ಗಾಸ್ನೆರ್ ಇಂಥ ಮನೆಗಳ ಸಂಗತಿಯನ್ನೆಲ್ಲ ಸೇರಿಸಿ ರಾಜಧಾನಿಯಲ್ಲಿದ್ದ ವಿದೇಶಿ ರಾಯಭಾರಿಗಳಿಗೆ ಮುಟ್ಟಿಸುವ ಕೆಲಸಕ್ಕೆ ಇಳಿದಿದ್ದರು. "ನಮ್ಮ ಅಳು ನಮ್ಮ ಸೈನ್ಯಕ್ಕೆ ಕೇಳಿಸಲ್ಲ ಮಗಳೇ. ಅವರಿಗೆ ತುತ್ತು ಹಾಕೋ ಕೈ ಹೊರಗಿದೆ. ಆ ಕೈ ಇರೋರ ಕಿವಿಗೆ ಹಾಕ್ಬೇಕು. ಈ ಸರ್ಕಾರನ ಒಪ್ಕೋಬೇಡಿ, ನಮ್ಮ ಅಧ್ಯಕ್ಷರು ವಾಪಸ್ ಬರೋವರೆಗೆ ನೀವು ಹಾಕಿರೋ ವ್ಯಾಪಾರದ ದಿಗ್ಬಂಧನ ಸಡಿಲಿಸಬೇಡಿ ಅಂತ ಕೇಳ್ಬೇಕು," ಎಂದಿದ್ದರು. ಅವಳೂ ಹೂಂ ಎಂದಿದ್ದಳು.

ಈಗ ಎದುರಿಗೆ ಈ ಕಪ್ಪು ಕನ್ನಡಕ.

"ನಿಮ್ಮ ಯಜಮಾನರನ್ನ ಸೈನಿಕರು ಹಿಡ್ಕೊಂಡು ಹೋದ್ರಂತೆ," ಎಂದ ಅವನು.

"ಯಾರಪ್ಪ ಹೇಳಿದ್ದು?" ಅಲ್ತಾಗ್ರಾಸ್ ಸೊಂಟದ ಮೇಲೆ ಕೈಯಿಟ್ಟಳು. "ಸೈನಿಕರಿಗೆ ಬೇರೆ ಕೆಲಸ ಇಲ್ವಾ? ಅವ್ನು ಓಡಿಹೋದ. ಜೆರೆಮಿ ಪೇಟೆಯಿಂದ ಬಟ್ಟೆ ಮಾರೋಕೆ ಬರ್ತಿದ್ಳಲ್ಲ ಒಬ್ಳು, ಮುಂದಿನ ಹಲ್ಲು ಚಿನ್ನದ್ದು, ಅವಳ ಸೆರಗು ಹಿಡ್ಕೊಂಡು ಗಡಿ ದಾಟಿದ. ಈಗ ಸಾಂತೊ ದೊಮಿಂಗೊದಲ್ಲಿ ಮಜವಾಗಿದಾನಂತೆ."

"ನಿಜಾನಾ ಮದಾಮ್?"

"ಗಂಡ ಬಿಟ್ಟೋದ ಅಂತ ಯಾವ ಹೆಂಗ್ಸಾದ್ರೂ ಸುಳ್ಳು ಹೇಳ್ತಾಳಾ?"

"ನಿಮಗೆ ಯಾರ ಭಯಾನೂ ಬೇಡ. ನಾನು…"

"ಭಯಾನಾ? ಯಾರ್ದು? ಆ ಚಿನ್ನದ ಹಲ್ಲಿಂದಾ?" ಎಂದು ನಕ್ಕೂಬಿಟ್ಟಳು.

ಅವನು ಕನ್ನಡಕ ತೆಗೆದು ಅವಳನ್ನೇ ಸ್ವಲ್ಪ ಹೊತ್ತು ನೋಡಿದ. ಆ ಕಣ್ಣು ಕೆಟ್ಟವನದಲ್ಲ ಎನಿಸಿತು ಅವಳಿಗೆ. ಆದರೆ ಶಿಲುಬೆಯವನ ಕಣ್ಣಲ್ಲಿ ನೀರೇ ಬಂದಿತ್ತಲ್ಲ! ಜೀಪು ಧೂಳೆಬ್ಬಿಸಿ ಹೋಯಿತು.

ಪಕ್ಕದ ಮನೆಯ ಕ್ಲೆರ್‌ಮಿಜ್ ಬೇಲಿಯ ಸಂದಿನಿಂದ ತೂರಿ ಬಂದಳು. ಅಲ್ತಾಗ್ರಾಸ್ ಅವಳ ಮಗನಿಗೆ ಜ್ಞಾನಸ್ನಾನದ ತಾಯಿ. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಮಕೊಮೆ ಎಂದೇ ಕರೆಯುತ್ತಿದ್ದರು.

"ಯಾರೇ ಮಕೊಮೆ ಅದು?"

"ವಿದೇಶದವನಂತೆ. ನಮ್ಮ ಒಲೆ ಮಸಿಗಿಂತ ಕಪ್ಪಗಿದಾನೆ, 'ಒನೆ' ಅಂತಾನೆ, ಕ್ಯಾಪ್ಟನ್ ಗೆಳೆಯನ ಜೀಪಲ್ಲಿ ಬರ್ತಾನೆ. ನನ್ನೇನು ನಿನ್ನೆ ಮೊನ್ನೆ ಹುಟ್ಟಿದವ್ಳು ಅನ್ಕೊಂಡ್ನಾ? ಒಸ್ನೆಲ್‌ಗೆ ಸಾಂತೊ ದೊಮಿಂಗೊದಲ್ಲಿ ಇನ್ನೊಂದು ಮದುವೆ ಮಾಡಿ ಕಳಿಸ್ದೆ."

ಇಬ್ಬರೂ ಬಿದ್ದುಬಿದ್ದು ನಕ್ಕರು. ನಗುನಗುತ್ತಲೇ ಅಲ್ತಾಗ್ರಾಸಳ ಕಣ್ಣಲ್ಲಿ ನೀರು ಬಂದದ್ದನ್ನು ಕ್ಲೆರ್‌ಮಿಜ್ ನೋಡಿಯೂ ನೋಡದಂತೆ ಇದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ನಗೆ ತಿರುಗಿ ಬಂದು ಹೊಡೆಯಿತು.

ಹಡಗುಕಟ್ಟೆಯ ಹತ್ತಿರ ಅಲ್ತಾಗ್ರಾಸ್ ಆಕ್ರಾ ಕರಿದು ಮಾರುತ್ತಿದ್ದಳು. ಗೆಡ್ಡೆ ತುರಿದು ಹಿಟ್ಟು, ಖಾರ ಬೆರೆಸಿ ಎಣ್ಣೆಯಲ್ಲಿ ಕರಿದ ಅವಳ ಆಕ್ರಾಕ್ಕೆ ಊರೆಲ್ಲ ಗಿರಾಕಿ. ಎದುರಿನ ಸಾರಾಯಿ ಅಂಗಡಿಯ ರೇಡಿಯೋದಲ್ಲಿ ಸೈನ್ಯದ ವಕ್ತಾರನ ಮಾತು ಬರುತ್ತಿತ್ತು. ಕೆಲವು ಪಾದ್ರಿಗಳು ರಾಯಭಾರಿಗಳ ಕೈಗೆ ಕಟ್ಟುಕಥೆಗಳ ಕಂತೆ ಕೊಟ್ಟಿದ್ದಾರೆ, ನೋಡಿ, ಗ್ರಾನ್‌ಸಾಬಿನ ಒಸ್ನೆಲ್ ಎಂಬವನನ್ನು ನಾವು ಕೊಂದೆವಂತೆ. ಆದರೆ ವಿದೇಶಿ ವೀಕ್ಷಕರ ವರದಿಯೇ ಹೇಳುತ್ತದೆ, ಅವನು ಇನ್ನೊಬ್ಬಳ ಜೊತೆ ಸಾಂತೊ ದೊಮಿಂಗೊಗೆ ಓಡಿಹೋಗಿದ್ದಾನೆ, ಹೆಂಡತಿಯೇ ಬಾಯಿಬಿಟ್ಟಿದ್ದಾಳೆ! ಇಂಥವರ ಮಾತು ಕೇಳಿ ಜಗತ್ತು ನಮ್ಮ ಮೇಲೆ ದಿಗ್ಬಂಧನ ಹೇರಿದೆ!

ಬಾಣಲೆಯಲ್ಲಿದ್ದ ಆಕ್ರಾ ಕರಕಾಯಿತು. ಹಾಗಾದರೆ ಬಂದವನು ನಿಜವಾದ ವೀಕ್ಷಕನೇ. ಅವಳು ಅಟ್ಟಿದ್ದು ಕಳ್ಳನನ್ನಲ್ಲ, ಸಾಕ್ಷಿಯನ್ನು.

ಸಂಜೆ ಲೆಕ್ಸಿ ಬಂದ. ಊರಿಗೆಲ್ಲ ಗೊತ್ತಿದ್ದ ಅತಾಶೆ ಅವನು. ಬೆಂಚಿನ ಮೇಲೆ ಕಾಲು ಚಾಚಿ ಕುಳಿತು, "ಶಹಬ್ಬಾಸ್ ಅಲ್ತಾ! ಹೆಂಗ್ಸು ಅಂದ್ರೆ ಹಿಂಗಿರ್ಬೇಕು. ಕ್ಯಾಪ್ಟನ್ ಸಾಹೇಬ್ರಿಗೂ ಖುಷಿ ಆಗಿದೆ. ಇನ್ಮೇಲೆ ಎಣ್ಣೆ ಸಿಗ್ಲಿಲ್ಲ ಅಂದ್ರೆ ನನ್ನ ಕೇಳು," ಎಂದ. ಬಾಯಲ್ಲಿ ನಗು, ಕಣ್ಣು ಮಾತ್ರ ಅವಳ ಮುಖವನ್ನು ಅಳೆಯುತ್ತಿತ್ತು. ಮರುದಿನ ಕೇಳದೆಯೇ ಒಂದು ಡಬ್ಬ ಎಣ್ಣೆ ಬಂತು.

ಎಣ್ಣೆ ಬಂದದ್ದನ್ನು ಊರು ನೋಡಿತು. ದಿಗ್ಬಂಧನದಲ್ಲಿ ಸೀಮೆಎಣ್ಣೆಗೇ ಗತಿಯಿಲ್ಲದಿರುವಾಗ ಇವಳಿಗೆ ಡಬ್ಬಗಟ್ಟಲೆ ಅಡುಗೆ ಎಣ್ಣೆ! ಬೆಸ್ತರು ಬೇರೆ ಕಡೆ ತಿನ್ನತೊಡಗಿದರು. ದರ್ಜಿ ಹೆಂಗಸು ಸೊಟ್ಟಗೆ ಕೂಡಿಕೊಂಡ ಕೈಗಳನ್ನು ಎದೆಗೆ ಅವಚಿಕೊಂಡು, ಅವಳನ್ನು ಕಂಡರೆ ರಸ್ತೆಯ ಆಚೆ ದಾಟುತ್ತಿದ್ದಳು. ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಕ್ಲೆರ್‌ಮಿಜ್ ಕೂಡ ಒಂದು ದಿನ ಬೇಲಿಯ ಆಚೆಯಿಂದಲೇ ಕೇಳಿದಳು: "ನನ್ ಹತ್ರ ನಿಜ ಹೇಳು ಮಕೊಮೆ. ಅವತ್ತು ಹೆದರಿ ಹೇಳ್ದೆಯಾ, ಇಲ್ಲಾ ಮೊದಲೇ ಮಾತಾಗಿತ್ತಾ?"

"ನೀನೂನಾ?" ಎಂದಳು ಅಲ್ತಾಗ್ರಾಸ್. ಕ್ಲೆರ್‌ಮಿಜ್ ತಲೆ ತಗ್ಗಿಸಿದಳು.

ಇವೆಲ್ಲವನ್ನೂ ಹೇಗೋ ತಡೆದುಕೊಳ್ಳುತ್ತಿದ್ದಳು. ತಡೆದುಕೊಳ್ಳಲಾಗದ್ದು ಅತ್ತೆಯ ಸಂತೋಷ. ಒಸ್ನೆಲ್‌ನ ತಾಯಿ ಸಿಲ್ವೆರಿನ್ ಗುಡ್ಡದ ಮೇಲೆ ದೊಡ್ಡ ಮಗನ ಮನೆಯಲ್ಲಿದ್ದಳು. ಕಿರಿಮಗನನ್ನು ಎಳೆದೊಯ್ದ ಸುದ್ದಿ ಕೇಳಿದಂದಿನಿಂದ ಹಾಸಿಗೆ ಹಿಡಿದಿದ್ದವಳು, ರೇಡಿಯೋ ಮಾತು ಕೇಳಿ ಎದ್ದು ಕೂತು, ಕತ್ತೆಯ ಮೇಲೆ ಗುಡ್ಡ ಇಳಿದು ಬಂದಳು. ಬಂದವಳೇ ಸೊಸೆಯ ಕೆನ್ನೆ ಹಿಡಿದಳು.

"ಬದುಕಿದಾನೆ! ನಂಗೆ ಮೊದ್ಲೇ ಗೊತ್ತಿತ್ತು. ಅವರಪ್ಪನೂ ಹಿಂಗೇ, ಹೆಂಗಸರ ಹುಚ್ಚು. ನೀನು ಬೇಜಾರು ಮಾಡ್ಕೋಬೇಡ ಮಗಳೇ, ನಾನು ಬುದ್ಧಿ ಹೇಳಿ ಕರ್ಸ್ತೀನಿ. ವಿಳಾಸ ಕೊಡು."

"ಅತ್ತೆ, ಅದು ಸುಳ್ಳು. ನಾನೇ ಕಟ್ಟಿ ಹೇಳಿದ್ದು. ಅವರನ್ನ ನನ್ ಕಣ್ಣೆದುರಿಗೇ ಎಳ್ಕೊಂಡು ಹೋದ್ರು."

ಮುದುಕಿ ಕೈ ಹಿಂದಕ್ಕೆ ಎಳೆದುಕೊಂಡಳು. "ರೇಡಿಯೋದವ್ರು ಸುಳ್ಳು ಹೇಳ್ತಾರಾ? ನಿಂಗೆ ಹೊಟ್ಟೆಉರಿ. ಅವನು ಅಲ್ಲಿ ಸುಖವಾಗಿರೋದು ನಿಂಗೆ ಬೇಡ, ಅದಕ್ಕೆ ವಿಳಾಸ ಬಚ್ಚಿಡ್ತಿದೀಯ."

ಅಂದಿನಿಂದ ಅತ್ತೆ ಅಲ್ಲೇ ಉಳಿದಳು. ಸೊಸೆ ಹೊರಗೆ ಹೋದಾಗ ಚಾಪೆಯ ಕೆಳಗೆ, ಪೆಟ್ಟಿಗೆಯ ಒಳಗೆ ಹುಡುಕುವಳು. ಬಂದವರಿಗೆಲ್ಲ ಮಗ ಬದುಕಿದ್ದಾನೆ ಎಂದು ಹೇಳುವಳು. ಅದನ್ನು ಕೇಳಿ ಲೆಕ್ಸಿ ಮುದುಕಿಗೆ ಹೊಗೆಸೊಪ್ಪು ತಂದುಕೊಡತೊಡಗಿದ. ಅವನ ಕೈಯ ಹೊಗೆಸೊಪ್ಪನ್ನು ಅತ್ತೆ ಪೈಪಿಗೆ ತುಂಬುವುದನ್ನು ನೋಡಿದ ದಿನ ಅಲ್ತಾಗ್ರಾಸ್ ರಾಜಧಾನಿಗೆ ಹೊರಡುವುದೆಂದು ತೀರ್ಮಾನಿಸಿದಳು.

"ಹಿಟ್ಟು ತರೋಕೆ ಹೋಗ್ತೀನಿ," ಎಂದಳು ಲೆಕ್ಸಿಗೆ.

"ಹಿಟ್ಟಾ? ಅಷ್ಟು ದೂರ?"

"ಇಲ್ಲಿ ಸಿಗೋದ್ರಲ್ಲಿ ಅರ್ಧ ಹುಳ. ಒಂದು ಆಕ್ರಾ ತಿಂದು ನೋಡು, ಗೊತ್ತಾಗುತ್ತೆ."

"ಹೋಗ್ಬಾ. ಅತ್ತೆನ ನಾವು ನೋಡ್ಕೋತೀವಿ," ಎಂದ. ಆ ಮಾತಿಗೆ ಎರಡು ಅರ್ಥವಿತ್ತು. ಅವಳು ಕ್ಲೆರ್‌ಮಿಜ್‌ಳನ್ನು ಕರೆದು, "ನನ್ನ ಮೇಲೆ ನಂಬಿಕೆ ಇದೆಯೋ ಇಲ್ವೋ, ಒಂದು ಕೆಲಸ ಮಾಡು. ನಾನು ಹೋದ ಮೇಲೆ ಅತ್ತೆನ ಗುಡ್ಡಕ್ಕೆ ಸಾಗಿಸು," ಎಂದಳು. ಕ್ಲೆರ್‌ಮಿಜ್ ಈ ಸಲ ಪ್ರಶ್ನೆ ಕೇಳಲಿಲ್ಲ.

ಪೆಟ್ರೋಲ್ ಇಲ್ಲದೆ ಬಸ್ಸುಗಳು ನಿಂತಿದ್ದವು. ಇದ್ದಿಲು ಸಾಗಿಸುವ ಹಾಯಿದೋಣಿಯಲ್ಲಿ ಹೋದಳು. ಚೀಲಗಳ ಮೇಲೆ ಕುಳಿತಿದ್ದ ಇತರರಲ್ಲಿ ಯಾರು ಯಾರ ಕಡೆಯವರೋ! ಒಬ್ಬ ಹೆಂಗಸು ತನ್ನ ಮರಗೆಣಸಿನ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟು, ಎಲ್ಲಿಗೆ, ಯಾಕೆ ಎಂದು ವಿಚಾರಿಸಿದಳು. ಅಲ್ತಾಗ್ರಾಸ್ ರೊಟ್ಟಿ ತಿಂದಳು, ಮಾತಿಗೆ ಹಿಟ್ಟಿನ ಕಥೆಯನ್ನೇ ಹೇಳಿದಳು. ಇಳಿಯುವಾಗ ಮೈಯೆಲ್ಲ ಇದ್ದಿಲ ಪುಡಿ.

ವೀಕ್ಷಕರ ಕಚೇರಿಯ ಕಾವಲುಗಾರ ಒಳಗೆ ಬಿಡಲಿಲ್ಲ. ವಾಲ್‌ಬ್ರುನ್ ಊಟಕ್ಕೆ ಹೊರಬಂದಾಗ ಅಡ್ಡಗಟ್ಟಿದಳು. ಅವನಿಗೆ ಗುರುತು ಸಿಕ್ಕಿತು. ಆದರೆ ಹತ್ತಿರ ಬರಲಿಲ್ಲ. ಬೀದಿಯ ಎರಡೂ ಬದಿ ನೋಡಿ, "ಯಾರು ಕಳಿಸಿದ್ರು ನಿಮ್ಮನ್ನ?" ಎಂದು ಕೇಳಿದ.

"ಯಾರೂ ಇಲ್ಲ. ನಾನು ಹೇಳಿದ್ದು ಸುಳ್ಳು. ಅದನ್ನ ತೆಗೆಸಿ."

"ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ? 'ಹೆಂಡತಿ ಹೀಗೆ ಹೇಳಿದಳು, ಹೆದರಿರುವ ಹಾಗೆ ಕಂಡಿತು' ಅಂತಾನೇ ಬರೆದಿದ್ದೆ. ಹೆದರಿಕೆ ಮಾತು ಬಿಟ್ಟು ಉಳಿದದ್ದು ಮಾತ್ರ ರೇಡಿಯೋದಲ್ಲಿ ಬಂತು. ನನ್ನ ವರದಿ ಸೈನ್ಯದ ಕೈಗೆ ಹೇಗೆ ಹೋಯ್ತು ಅಂತ ನಮ್ಮ ಕಚೇರಿಯವರೇ ನನ್ನ ಅನುಮಾನದಿಂದ ನೋಡ್ತಿದಾರೆ. ಈಗ ನೀವು ಬಂದು ಮಾತು ತಿರುಗಿಸಿದ್ರೆ, ಅದೂ ಅವರದೇ ಆಟ ಇರಬಹುದಲ್ಲ ಮದಾಮ್?"

ಅವಳಿಗೆ ರೇಗಿತು. "ಕ್ಯಾಪ್ಟನ್ ಗೆಳೆಯನ ಜೀಪಲ್ಲಿ ಬಂದೋನು ನೀನು! ಮೆಲ್ಯೂಸ್ ಎಲ್ಲಿದ್ದ?"

ವಾಲ್‌ಬ್ರುನ್ ಮೆಲ್ಲಗೆ ಹೇಳಿದ: "ಊರ ಬಾಗಿಲಲ್ಲಿ ಸಿಪಾಯಿಗಳನ್ನ ನೋಡಿ ಮೆಲ್ಯೂಸ್ ಜೀಪಿಂದ ಹಾರಿ ಓಡಿಹೋದ. ಊರಲ್ಲಿ ಬಾಡಿಗೆಗೆ ಇದ್ದದ್ದು ಅದೊಂದೇ ಜೀಪು. ನಾನು ಗ್ವಾದೆಲೂಪ್ ದ್ವೀಪದವನು, ನಮ್ಮ ಅಜ್ಜಿ ಊರು ಇಲ್ಲಿನದು. 'ಒನೆ' ಅನ್ನೋದು ಅವಳಿಂದ ಕಲಿತಿದ್ದು."

ಮೆಲ್ಯೂಸನ ಹೆಸರು ಮೊದಲು ಬಂದದ್ದು ಅವಳ ಬಾಯಿಂದ. ಉಳಿದದ್ದು ಅವನ ಬಾಯಿಂದ. ಇಬ್ಬರೂ ಅಲ್ಲಿಗೆ ಒಂದು ಹೆಜ್ಜೆ ಹತ್ತಿರ ಬಂದರು. ಅಷ್ಟೇ.

ಫಾದರ್ ಗಾಸ್ನೆರ್ ಆ ಹೊತ್ತಿಗೆ ತಲೆಮರೆಸಿಕೊಂಡಿದ್ದರು. ಸೈನಿಕರು ಕೂರಿಸಿದ ಸರ್ಕಾರದ ಜೊತೆ ಮಾತುಕತೆ ಶುರುಮಾಡೋಣ ಎಂದು ಕೆಲವು ದೇಶಗಳು ಯೋಚಿಸತೊಡಗಿದ್ದವು. ಅದರಲ್ಲೊಂದು ದೇಶದ ರಾಯಭಾರಿಯ ಬಂಗಲೆಗೆ ವಾಲ್‌ಬ್ರುನ್ ಅವಳನ್ನು ಕರೆದೊಯ್ದ. ರಾಯಭಾರಿ ನರೆತ ಕೂದಲಿನ ಹೆಂಗಸು. ಪಕ್ಕದಲ್ಲಿ ಎಳೆಯ ಅಧಿಕಾರಿಯೊಬ್ಬ. ವಾಲ್‌ಬ್ರುನ್ ಅವಳ ಮಾತನ್ನು ಅವರ ಭಾಷೆಗೆ ತಿರುಗಿಸಿ ಹೇಳುತ್ತಿದ್ದ.

ಅಲ್ತಾಗ್ರಾಸ್ ಆರಂಭಿಸಿದ ಕೂಡಲೇ ಆಳೊಬ್ಬ ಕಾಫಿ ತಂದ. ಲೋಟಗಳನ್ನು ಬೇಕೆಂದೇ ನಿಧಾನವಾಗಿ ಇಡುತ್ತಿದ್ದಾನೆ ಎನಿಸಿತು. ಅವಳು ಬಾಯಿ ಮುಚ್ಚಿದಳು. ಅವನು ಹೋದ ಮೇಲೂ ತೆರೆಯಲಿಲ್ಲ.

"ಯಾಕೆ ನಿಲ್ಲಿಸಿದ್ರಿ?" ಎಂದು ರಾಯಭಾರಿ ಕೇಳಿಸಿದಳು.

"ಬಾಗ್ಲು."

ರಾಯಭಾರಿ ತಾನೇ ಎದ್ದುಹೋಗಿ ಬಾಗಿಲು ಹಾಕಿ ಬಂದು ಕೂತಳು. ಆಗ ಅಲ್ತಾಗ್ರಾಸ್ ಎಲ್ಲವನ್ನೂ ಹೇಳಿದಳು: ಅಂಗಳ, ಅರ್ಧ ಕೆತ್ತಿದ ಹುಟ್ಟು, ಚಪ್ಪಲಿ, ಠಾಣೆಯ ಬಾಗಿಲು.

ಎಳೆಯ ಅಧಿಕಾರಿ ಪೆನ್ನು ಕೆಳಗಿಟ್ಟ. ಒಂದು ಸಲ ಸುಳ್ಳು ಹೇಳಿದವರನ್ನು ಎರಡನೇ ಸಲ ನಂಬುವುದು ಹೇಗೆ ಎಂದು ಕೇಳಿದ.

"ಸುಳ್ಳು ಹೇಳಿದ್ದಕ್ಕೆ ನಂಗೆ ಎಣ್ಣೆ ಸಿಕ್ತು ಸಾಹೇಬ್ರೆ. ಮನೆ ಉಳೀತು, ಅಂಗಡಿ ಉಳೀತು. ಈಗ ಹೇಳಿದ್ದನ್ನ ನನ್ನ ಹೆಸರು ಹಾಕೇ ಬರ್ಕೊಳ್ಳಿ. ಬರ್ಕೊಂಡ್ರೆ ನಾನು ಊರಿಗೆ ಹೋಗೋ ಹಾಗಿಲ್ಲ. ಯಾವುದು ಸುಳ್ಳು ಅಂತ ನೀವೇ ತೂಗಿ ನೋಡಿ."

ವಾಲ್‌ಬ್ರುನ್ ಅದನ್ನು ತಿರುಗಿಸಿ ಹೇಳುವಾಗ ಒಂದು ಕಡೆ ತಡವರಿಸಿದ.

ದಿಗ್ಬಂಧನದಿಂದ ನಿಮ್ಮಂಥವರಿಗೇ ಹೆಚ್ಚು ಕಷ್ಟವಲ್ಲವೇ, ನಿಜಕ್ಕೂ ಅದು ಇರಬೇಕೆನ್ನುತ್ತೀರಾ ಎಂದು ರಾಯಭಾರಿ ಕೇಳಿದಳು.

"ಕಷ್ಟಾನೇ. ಹಿಟ್ಟಲ್ಲಿ ಹುಳ ಆರ್ಸಿ ಆರ್ಸಿ ಕಣ್ಣು ಹೋಗಿದೆ. ಆದ್ರೆ ಕ್ಯಾಪ್ಟನ್ ಜೀಪು ಒಂದಿನಾನೂ ನಿಂತಿಲ್ಲ ಅಮ್ಮ. ನೀವು ಹಾಕಿದ್ದು ನಮ್ಮ ಬಾಗ್ಲು ಮಾತ್ರ. ಹಾಕೋದಾದ್ರೆ ಅವರ ಬಾಗ್ಲೂ ಹಾಕಿ. ಅವರ ದುಡ್ಡು ನಿಮ್ಮೂರಲ್ಲೇ ಇದೆಯಂತಲ್ಲ, ಅವರ ಹೆಂಡ್ತೀರು ಸಾಮಾನು ತರೋಕೆ ವಿಮಾನದಲ್ಲಿ ನಿಮ್ಮೂರಿಗೇ ಬರ್ತಾರಂತಲ್ಲ? ಅದನ್ನ ನಿಲ್ಸಿ. ನಾವು ಆರಿಸಿದವರನ್ನ ವಾಪಸ್ ಕರ್ಕೊಂಬನ್ನಿ. ಇಲ್ಲಾಂದ್ರೆ ನಮ್ಮನ್ನ ಸುಮ್ಮನೆ ಕರೆದು ಕಾಫಿ ಕೊಡಬೇಡಿ."

ರಾಯಭಾರಿ ಏನೂ ಭರವಸೆ ಕೊಡಲಿಲ್ಲ. ಬಾಗಿಲ ತನಕ ಬಂದು ಕೈ ಹಿಡಿದಳು. ಈ ಕೈ ಎಲ್ಲರಿಗೂ ಹೀಗೇ ಸಿಗುತ್ತದೆಯೇನೋ ಎಂದುಕೊಂಡೇ ಅಲ್ತಾಗ್ರಾಸ್ ಮೆಟ್ಟಿಲಿಳಿದಳು.

ಆದರೂ ಅವಳ ಹೆಸರು ಹೊರದೇಶದ ರೇಡಿಯೋಗಳಲ್ಲಿ ಬಂತು. ಆ ದೇಶ ಮಾತುಕತೆಯಿಂದ ಹಿಂದೆ ಸರಿಯಿತು. ಅವಳ ಮಾತಿನಿಂದಲೋ, ಬೇರೆ ಲೆಕ್ಕಾಚಾರದಿಂದಲೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ. ಗ್ರಾನ್‌ಸಾಬಿನಲ್ಲಿ ಲೆಕ್ಸಿಯ ಜನ ಅಂಗಡಿ ಒಡೆದು ಮನೆಗೆ ಬೆಂಕಿ ಹಚ್ಚಿದರು. ಅತ್ತೆಯನ್ನು ಕ್ಲೆರ್‌ಮಿಜ್ ಅಷ್ಟರಲ್ಲಿ ಗುಡ್ಡ ಹತ್ತಿಸಿದ್ದಳು. ಅಲ್ತಾಗ್ರಾಸ್ ರಾಜಧಾನಿಯ ಕೊಳೆಗೇರಿಯಲ್ಲಿ ಬೇರೆ ಹೆಸರು ಹೇಳಿಕೊಂಡು ಬಾಳೆಕಾಯಿ ಕರಿದು ಮಾರುತ್ತ ಕಾಲ ತಳ್ಳಿದಳು. ಯಾರಾದರೂ ಎರಡು ಸಲ ನೋಡಿದರೆ ಒಲೆ ಎತ್ತಿಕೊಂಡು ಜಾಗ ಬದಲಿಸುತ್ತಿದ್ದಳು.

ಮುಂದಿನ ವರ್ಷವೂ ಕಳೆದು, ಅದರ ಮರುವರ್ಷ ಅಧ್ಯಕ್ಷರು ಮರಳಿದರು. ಸೇನಾಧಿಪತಿಗಳು ಸುಖವಾಗಿ ವಿಮಾನ ಹತ್ತಿ ಬೇರೆ ದೇಶಕ್ಕೆ ಹೋದರು. ಲೆಕ್ಸಿ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿರಲಿಲ್ಲ. ಅಲ್ತಾಗ್ರಾಸ್ ಊರಿಗೆ ಬಂದಾಗ ಕ್ಲೆರ್‌ಮಿಜ್ ಓಡಿಬಂದು ತಬ್ಬಿಕೊಂಡು, "ನಿನ್ನ ಮೇಲೆ ಅನುಮಾನ ಪಟ್ಟೆನಲ್ಲ ಮಕೊಮೆ," ಎಂದು ಅತ್ತಳು. ಅತ್ತೆಯೂ ಗುಡ್ಡದಿಂದ ಇಳಿದಿದ್ದಳು. ಮುಖ ತಿರುಗಿಸಿಕೊಂಡೇ ಕೇಳಿದಳು: "ಈಗ್ಲಾದ್ರೂ ವಿಳಾಸ ಕೊಡ್ತೀಯೋ ಇಲ್ವೋ?"

ಅಲ್ತಾಗ್ರಾಸ್ ಮುದುಕಿಯ ಕೈ ಹಿಡಿದು ಠಾಣೆಗೆ ಕರೆದೊಯ್ದಳು. ಬಾಗಿಲುಗಳು ಹಾರುಹೊಡೆದಿದ್ದವು, ಜನ ಒಳಗೆ ಹೊರಗೆ ಓಡಾಡುತ್ತಿದ್ದರು. ಹಿಂಭಾಗದಲ್ಲಿ, ಹಿಡಿದವರನ್ನು ಕೂಡಿಹಾಕುತ್ತಿದ್ದ ಕಿಟಕಿಯಿಲ್ಲದ ಕೋಣೆ. ಸಿಲ್ವೆರಿನ್ ಹೊಸ್ತಿಲಲ್ಲಿ ನಿಂತು ಕೋಲಿನಿಂದ ನೆಲ ಕುಟ್ಟಿ ನೋಡಿದಳು. ಗೋಡೆ ಮುಟ್ಟಿದಳು. ತಲೆಯೆತ್ತಿ ಮಾಡು ನೋಡಿದಳು.

"ಇಷ್ಟು ಗಿಡ್ಡದ ಕೋಣೇಲಿ ನನ್ನ ಮಗ ಹೆಂಗೆ ನಿಲ್ತಾನೆ? ಅವನೆತ್ತರ ನಿಂಗೆ ಗೊತ್ತಿಲ್ವಾ?" ಎಂದು ಸಿಡುಕಿ ಹೊರಗೆ ನಡೆದಳು.

ಇಬ್ಬರೂ ಮನೆಯಿದ್ದ ಜಾಗಕ್ಕೆ ನಡೆದುಬಂದರು. ಬೇಲಿಯ ಹತ್ತಿರ ಮುದುಕಿ ನಿಂತಳು.

"ಅವತ್ತು ಅವನು ಊಟ ಮಾಡಿದ್ನಾ?"

"ಇಲ್ಲ ಅತ್ತೆ. ಇನ್ನೂ ಬಡಿಸಿರಲಿಲ್ಲ."

ಸಿಲ್ವೆರಿನ್ ತಲೆಯಾಡಿಸಿದಳು. ಆ ದಿನದಿಂದ ಅವಳು ಸೊಸೆಯನ್ನು ವಿಳಾಸ ಕೇಳಲಿಲ್ಲ. ಆದರೆ ಹಡಗುಕಟ್ಟೆಯಲ್ಲಿ ಸಾಂತೊ ದೊಮಿಂಗೊ ಕಡೆಯಿಂದ ಬಂದವರು ಯಾರಾದರೂ ಕಂಡರೆ, ಸೊಸೆಯ ಕಣ್ಣು ತಪ್ಪಿಸಿ, ಎತ್ತರದ ಒಬ್ಬ ದೋಣಿ ಬಡಗಿಯನ್ನು ಅಲ್ಲೆಲ್ಲಾದರೂ ನೋಡಿದ್ದೀರಾ ಎಂದು ವಿಚಾರಿಸುತ್ತಿದ್ದಳು. ಅಲ್ತಾಗ್ರಾಸ್ ಅದನ್ನು ಕಂಡರೂ ಬಾಣಲೆಯಿಂದ ತಲೆಯೆತ್ತುತ್ತಿರಲಿಲ್ಲ.